ಟ್ರ್ಯಾಕ್ಟರ್ ಪಲ್ಟಿಯಾದ ಮೇಲೆ: ಬಳ್ಳಾರಿ, ರಾಯಚೂರು, ಕೊಪ್ಪಳ ಭಾಗದವರಿಗೆ ರಸ್ತೆ ಅಪಘಾತ ಪರಿಹಾರದ ಸಮಗ್ರ ಮಾರ್ಗದರ್ಶಿ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ, ಸಿಂಧನೂರು, ಮಾನ್ವಿಯ ಹೊಲಗಳಲ್ಲಿ ಭತ್ತದ ನಾಟಿ ಶುರುವಾಗುತ್ತದೆ. ಬೆಳಗಿನ ಜಾವಕ್ಕೇ ಹತ್ತಿಪ್ಪತ್ತು ಹೆಣ್ಣುಮಕ್ಕಳನ್ನು ತುಂಬಿಕೊಂಡ ಟ್ರ್ಯಾಕ್ಟರ್‌ಗಳೂ ಟಂಟಂಗಳೂ ಊರೂರಿನಿಂದ ಹೊರಡುತ್ತವೆ. ಇತ್ತ ಸಂಡೂರಿನ ಕಡೆಯಿಂದ ಅದಿರು ಲಾರಿಗಳು, ಕೊಪ್ಪಳ ಮತ್ತು ಬಳ್ಳಾರಿಯನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಹಗಲೂ ರಾತ್ರಿ ಓಡುವ ಭಾರದ ವಾಹನಗಳು. ಇವೆರಡೂ ಒಂದೇ ರಸ್ತೆಯಲ್ಲಿ ಎದುರಾದಾಗ ಆಗುವ ಅನಾಹುತವನ್ನು ಈ ಭಾಗದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಅನಾಹುತದ ನಂತರ ನಡೆಯುವುದರ ಬಗ್ಗೆ ಮಾತ್ರ ವಿವರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ಗಾಯಗೊಂಡವರ ಮನೆಯವರು ಸಾಮಾನ್ಯವಾಗಿ ಮೊದಲು ಆಸ್ಪತ್ರೆಗೆ, ಆಮೇಲೆ ಊರ ಹಿರಿಯರ ಬಳಿಗೆ, ನಾಲ್ಕೈದು ತಿಂಗಳ ನಂತರ ವಕೀಲರ ಬಳಿಗೆ ಹೋಗುತ್ತಾರೆ. ಅಷ್ಟು ಹೊತ್ತಿಗೆ ಮೊದಲ ಹತ್ತು ದಿನಗಳಲ್ಲಿ ಯಾರ್ಯಾರೋ ಬರೆದಿಟ್ಟ ಕಾಗದಗಳು ಅರ್ಧ ತೀರ್ಪನ್ನು ಕೊಟ್ಟಾಗಿರುತ್ತವೆ. ಈ ಬರಹದ ಹೆಚ್ಚಿನ ಗಮನ ಆ ಕಾಗದಗಳ ಮೇಲೆಯೇ ಇದೆ.

ಆಸ್ಪತ್ರೆಯ ಚೀಟಿಯಲ್ಲಿ ಬರೆಯುವ ಒಂದು ಸಾಲು

ಅಪಘಾತವಾದ ಕೂಡಲೇ 108ಕ್ಕೆ ಅಥವಾ 112ಕ್ಕೆ ಕರೆ ಮಾಡಬೇಕು. ಗಾಯಾಳುವನ್ನು ಎತ್ತಿ ತಂದವರನ್ನು ಸಾಕ್ಷಿಯಾಗಲೇಬೇಕೆಂದು ಯಾರೂ ಒತ್ತಾಯಿಸುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಅವರಿಗೆ ರಕ್ಷಣೆ ನೀಡುತ್ತದೆ. ಡಿಕ್ಕಿ ಹೊಡೆದ ವಾಹನದ ನಂಬರ್ ಪ್ಲೇಟು, ವಾಹನ ನಿಂತ ಜಾಗ, ರಸ್ತೆಯ ಮೇಲಿನ ಟೈರಿನ ಗುರುತು, ಹತ್ತಿರದ ಕಿಲೋಮೀಟರ್ ಕಲ್ಲು ಇವುಗಳ ಫೋಟೋಗಳನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳುವುದಕ್ಕೆ ಎರಡು ನಿಮಿಷ ಸಾಕು. ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಡಿ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿಗಳ ಮಿತಿಯೊಳಗೆ, ಹಣ ಕಟ್ಟದೆ ಚಿಕಿತ್ಸೆ ಪಡೆಯುವ ಹಕ್ಕಿದೆ. ದಾಖಲು ಮಾಡುವಾಗಲೇ ಇದನ್ನು ಕೇಳಬೇಕು, ಬಿಡುಗಡೆಯಾಗುವ ದಿನ ಕೇಳಿ ಪ್ರಯೋಜನವಿಲ್ಲ.

ಇನ್ನು ಚೀಟಿಯ ವಿಷಯ. ತುರ್ತು ಚಿಕಿತ್ಸಾ ವಿಭಾಗದಲ್ಲಿ ವೈದ್ಯರು ಕೇಳುವ ಮೊದಲ ಪ್ರಶ್ನೆ ‘ಏನಾಯಿತು’ ಎಂಬುದು. ಗಾಯಾಳು ಅಥವಾ ಜೊತೆಗಿದ್ದವರು ಕೊಡುವ ಉತ್ತರವನ್ನು ಅವರು ಹಾಗೆಯೇ ಬರೆದುಕೊಳ್ಳುತ್ತಾರೆ. ಪೊಲೀಸರ ಗೊಡವೆ ಬೇಡವೆಂದೋ, ಡಿಕ್ಕಿ ಹೊಡೆದವನು ಪಕ್ಕದೂರಿನ ಪರಿಚಯದವನೆಂದೋ ‘ಬೈಕಿನಿಂದ ತಾನೇ ಬಿದ್ದ’ ಎಂದು ಹೇಳಿಬಿಟ್ಟವರನ್ನು ನಾನು ಹಲವು ಬಾರಿ ಕಂಡಿದ್ದೇನೆ. ನನ್ನ ಸಂಬಂಧಿಕರೊಬ್ಬರ ಪ್ರಕರಣದಲ್ಲಿ ಇದೇ ಆಯಿತು. ಕಾಲಿನ ಮೂಳೆ ಮುರಿದು ರಾಡು ಹಾಕಿಸಿಕೊಂಡರು, ಹತ್ತು ದಿನ ಬಿಟ್ಟು ಲಾರಿಯ ಮೇಲೆ ದೂರು ಕೊಟ್ಟರು. ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ಬೇರೇನನ್ನೂ ಕೇಳಲಿಲ್ಲ, ಆಸ್ಪತ್ರೆಯ ಚೀಟಿಯ ಆ ಒಂದು ಸಾಲನ್ನು ಓದಿ ಕುಳಿತರು. ಆದ್ದರಿಂದ ಯಾವ ವಾಹನ, ಎಲ್ಲಿ, ಯಾವ ಹೊತ್ತಿಗೆ ಡಿಕ್ಕಿಯಾಯಿತು ಎಂಬುದನ್ನು ಇದ್ದದ್ದು ಇದ್ದಂತೆ ಹೇಳಿ, ಪ್ರಕರಣವನ್ನು ವೈದ್ಯಕೀಯ-ಕಾನೂನು ಪ್ರಕರಣವಾಗಿ, ಅಂದರೆ ಎಂಎಲ್‌ಸಿ ಎಂದು ದಾಖಲಿಸಲು ಕೇಳಬೇಕು. ಹಾಗೆ ದಾಖಲಾದರೆ ಆಸ್ಪತ್ರೆಯಿಂದಲೇ ಠಾಣೆಗೆ ಮಾಹಿತಿ ಹೋಗುತ್ತದೆ.

ತಾಲ್ಲೂಕು ಆಸ್ಪತ್ರೆಯಿಂದ ಬಳ್ಳಾರಿಯ ವಿಮ್ಸ್‌ಗೋ ರಾಯಚೂರಿನ ರಿಮ್ಸ್‌ಗೋ ಕಳುಹಿಸಿದಾಗ ಮೊದಲ ಆಸ್ಪತ್ರೆಯ ಚೀಟಿ ಕಳೆದುಹೋಗುವುದು ಹೆಚ್ಚು. ಅದನ್ನೂ, ಎಕ್ಸ್‌ರೇ ಫಿಲ್ಮುಗಳನ್ನೂ, ಔಷಧಿ ಅಂಗಡಿಯ ರಸೀದಿಗಳನ್ನೂ, ಬಾಡಿಗೆ ವಾಹನದ ಬಿಲ್ಲುಗಳನ್ನೂ, ಬಿಡುಗಡೆ ಸಾರಾಂಶವನ್ನೂ ಒಂದೇ ಚೀಲದಲ್ಲಿಟ್ಟು ಮನೆಯ ಒಬ್ಬರಿಗೆ ಅದರ ಹೊಣೆ ವಹಿಸಿಬಿಡಬೇಕು. ರಸೀದಿಯಿಲ್ಲದ ಖರ್ಚನ್ನು ನ್ಯಾಯಾಲಯ ಅಂದಾಜಿನ ಮೇಲೆ ಕೊಡುತ್ತದೆ, ಮತ್ತು ಆ ಅಂದಾಜು ಉದಾರವಾಗಿರುವುದು ಅಪರೂಪ.

ಠಾಣೆಯಲ್ಲಿ

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಹಿಂದಿನ ಭಾರತೀಯ ದಂಡ ಸಂಹಿತೆಯಲ್ಲಿ 279, 337, 338, 304ಎ ಎಂದು ಕೇಳಿಬರುತ್ತಿದ್ದ ಕಲಂಗಳ ಜಾಗದಲ್ಲಿ ಈಗ ಅಜಾಗರೂಕ ಚಾಲನೆಗೆ 281, ಗಾಯಕ್ಕೆ 125, ನಿರ್ಲಕ್ಷ್ಯದಿಂದಾದ ಸಾವಿಗೆ 106(1) ಎಂದು ಬರೆಯುತ್ತಾರೆ. ದೂರನ್ನು ಗಾಯಾಳುವೇ ಕೊಡಬೇಕೆಂದಿಲ್ಲ. ಕಂಡವರು, ಮನೆಯವರು ಯಾರಾದರೂ ಕೊಡಬಹುದು. ಅಪಘಾತ ನಡೆದ ಜಾಗ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಠಾಣೆಯವರು ವಾಪಸ್ ಕಳುಹಿಸುವಂತಿಲ್ಲ. ಪೊಲೀಸರು ಅನುಸರಿಸಬೇಕಾದ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಯಾವುದೇ ಠಾಣೆಯಲ್ಲಿ ಮಾಹಿತಿ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ವರ್ಗಾಯಿಸಬೇಕು, ಎಫ್‌ಐಆರ್‌ನ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ದೂರನ್ನೇ ತೆಗೆದುಕೊಳ್ಳದಿದ್ದರೆ ಅದರ ಸಾರಾಂಶವನ್ನು ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಬಹುದು, ಆಗಲೂ ಕ್ರಮವಾಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ಚಿಕಿತ್ಸೆಯ ಗಡಿಬಿಡಿಯಲ್ಲಿ ದೂರು ಎರಡು ಮೂರು ದಿನ ತಡವಾದರೆ ಪ್ರಕರಣ ಬಿದ್ದುಹೋಗುವುದಿಲ್ಲ. ಆದರೆ ತಡವಾದದ್ದಕ್ಕೆ ಕಾರಣವನ್ನು ದೂರಿನಲ್ಲಿಯೇ ಒಂದು ವಾಕ್ಯದಲ್ಲಿ ಬರೆಸಬೇಕು. ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಬರೆಸಬಾರದು. ಓಡಿಹೋದ ವಾಹನದ ಬದಲು ವಿಮೆಯಿರುವ ಇನ್ನೊಂದು ವಾಹನವನ್ನು ತಂದು ನಿಲ್ಲಿಸುವ ‘ಉಪಾಯ’ವನ್ನು ಯಾರಾದರೂ ಹೇಳಿಕೊಟ್ಟರೆ ಅವರಿಂದ ದೂರವಿರಬೇಕು, ಅದು ಅಪರಾಧ, ಬಯಲಾದರೆ ನಿಜವಾದ ಗಾಯಕ್ಕೂ ಪರಿಹಾರ ಸಿಗದೆ ಹೋಗುತ್ತದೆ.

ಊರ ಪಂಚಾಯಿತಿಯ ರಾಜಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ವಾಹನದ ಮಾಲೀಕರು ಐವತ್ತು ಸಾವಿರವನ್ನೋ ಲಕ್ಷವನ್ನೋ ಕೈಗಿಟ್ಟು ಛಾಪಾ ಕಾಗದದ ಮೇಲೆ ‘ಮುಂದೆ ಯಾವ ಕೇಸೂ ಮಾಡುವುದಿಲ್ಲ’ ಎಂದು ಬರೆಸಿಕೊಳ್ಳುವುದು ಇಲ್ಲಿ ಮಾಮೂಲು. ಹಿರಿಯರ ಮಾತಿಗೆ ಬೆಲೆ ಕೊಡುವುದು ಒಳ್ಳೆಯದೇ. ಆದರೆ ಆ ಹಿರಿಯರಿಗೆ ಪರಿಹಾರದ ಲೆಕ್ಕ ಹೇಗಾಗುತ್ತದೆಂಬುದು ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಸಾವಾದ ಪ್ರಕರಣವನ್ನು ಊರೊಳಗೆ ರಾಜಿ ಮಾಡಿ ಮುಗಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಮಾಲೀಕರ ವಾಹನಕ್ಕೆ ವಿಮೆಯಿದ್ದರೆ ಪರಿಹಾರ ಕೊಡುವುದು ವಿಮಾ ಕಂಪನಿ, ಮಾಲೀಕರ ಜೇಬಲ್ಲ ಎಂಬುದನ್ನು ಇಬ್ಬರಿಗೂ ತಿಳಿಸಿ ಹೇಳಿದರೆ ಎಷ್ಟೋ ಮನಸ್ತಾಪ ಅಲ್ಲಿಯೇ ಕರಗುತ್ತದೆ.

ದೂರು ದಾಖಲಾದ ಮೇಲೆ ಪೊಲೀಸರು ತಾವಾಗಿಯೇ ಮಾಡಬೇಕಾದ ಕೆಲಸಗಳಿವೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕೇಂದ್ರ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು, 50 ದಿನಗಳೊಳಗೆ ಮಧ್ಯಂತರ ವರದಿಯನ್ನು, 90 ದಿನಗಳೊಳಗೆ ವಿವರವಾದ ಅಪಘಾತ ವರದಿಯನ್ನು ಅಪಘಾತ ಪರಿಹಾರವನ್ನು ತೀರ್ಮಾನಿಸುವ ನ್ಯಾಯಮಂಡಳಿಗೆ ಸಲ್ಲಿಸಬೇಕು. ಸಂತ್ರಸ್ತರಿಗೆ ಅವರ ಹಕ್ಕುಗಳ ವಿವರಣೆಯನ್ನು ಲಿಖಿತವಾಗಿ ಕೊಡಬೇಕು. ಠಾಣೆಗೆ ಹೋಗಿ ಈ ವರದಿಗಳನ್ನು ಹೆಸರು ಹಿಡಿದು ಕೇಳುವವರು ಕಡಿಮೆ, ಹಾಗಾಗಿ ಅವು ತಡವಾಗುವುದು ಹೆಚ್ಚು. ಠಾಣೆಯಿಂದಲೋ ನ್ಯಾಯಾಲಯದಿಂದಲೋ ಪಡೆಯಬೇಕಾದ ಪ್ರತಿಗಳು ಇವು: ಎಫ್‌ಐಆರ್ ಮತ್ತು ದೂರು, ಸ್ಥಳ ಪಂಚನಾಮೆ ಹಾಗೂ ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ಸಾವಾಗಿದ್ದರೆ ಶವ ಪಂಚನಾಮೆ ಮತ್ತು ಶವಪರೀಕ್ಷೆ ವರದಿ, ಕೊನೆಗೆ ದೋಷಾರೋಪಣಾ ಪಟ್ಟಿ. ಸ್ಥಳ ಪಂಚನಾಮೆಯನ್ನು ಓದಿಸಿಕೊಂಡು ನೋಡಬೇಕು. ಡಾಂಬರಿನ ಅಗಲ, ಡಿಕ್ಕಿಯಾದ ಜಾಗ ರಸ್ತೆಯ ಎಡಕ್ಕಿತ್ತೋ ಬಲಕ್ಕಿತ್ತೋ ಎಂಬುದು ಅದರಲ್ಲಿ ತಪ್ಪಾಗಿ ದಾಖಲಾದರೆ ‘ನಿಮ್ಮದೂ ಅರ್ಧ ತಪ್ಪು’ ಎಂಬ ವಾದಕ್ಕೆ ಅದೇ ಬುನಾದಿಯಾಗುತ್ತದೆ.

ಯಾರಿಂದ ಪರಿಹಾರ ಕೇಳಬೇಕು

ಮೋಟಾರು ವಾಹನ ಕಾಯ್ದೆ, 1988ರ 166ನೇ ಕಲಂ ಪ್ರಕಾರ ಸಲ್ಲಿಸುವ ಅರ್ಜಿಯಲ್ಲಿ ವಾಹನದ ಮಾಲೀಕ ಮತ್ತು ವಿಮಾ ಕಂಪನಿ ಎದುರುದಾರರಾಗಿರುತ್ತಾರೆ. ಚಾಲಕನನ್ನೂ ಸೇರಿಸುವುದು ವಾಡಿಕೆ. ಈ ಸರಳ ವಾಕ್ಯದ ಹಿಂದೆ ನಮ್ಮ ಭಾಗದ ಬಹುಪಾಲು ಪ್ರಕರಣಗಳನ್ನು ಕಾಡುವ ಒಂದು ತೊಡಕಿದೆ.

ಟ್ರ್ಯಾಕ್ಟರ್ ಕೃಷಿ ಕೆಲಸಕ್ಕೆ, ಗೂಡ್ಸ್ ಆಟೋ ಮತ್ತು ಪಿಕಪ್ ಸರಕು ಸಾಗಣೆಗೆ ವಿಮೆ ಮಾಡಿಸಿದ ವಾಹನಗಳು. ಸರಕು ವಾಹನದಲ್ಲಿ ಪ್ರಯಾಣಿಕರಾಗಿ ಹೋದವರ ಹೊಣೆ ತನ್ನದಲ್ಲವೆಂಬ ವಿಮಾ ಕಂಪನಿಯ ವಾದವನ್ನು ಸುಪ್ರೀಂ ಕೋರ್ಟ್ 2003ರ ಆಶಾ ರಾಣಿ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಹಾಗೆಂದು ಟ್ರೇಲರಿನಲ್ಲಿ ಕುಳಿತು ಗಾಯಗೊಂಡವರಿಗೆ ದಾರಿಗಳೇ ಇಲ್ಲವೆಂದಲ್ಲ. ದಾರಿಗಳು ನಾಲ್ಕಿವೆ, ಒಂದೊಂದಕ್ಕೂ ಬೇರೆ ಬೇರೆ ಕಾಗದ ಬೇಕು.

ಮೊದಲನೆಯದು, ಟ್ರ್ಯಾಕ್ಟರಿಗೆ ಇನ್ನೊಂದು ವಾಹನ ಡಿಕ್ಕಿ ಹೊಡೆದಿದ್ದರೆ. ಆಗ ಟ್ರೇಲರಿನಲ್ಲಿದ್ದವರು ಆ ಇನ್ನೊಂದು ವಾಹನದ ಪಾಲಿಗೆ ಮೂರನೇ ವ್ಯಕ್ತಿಗಳು, ಅಂದರೆ ಅದರ ವಿಮೆಯಿಂದ ಪರಿಹಾರ ಕೇಳಬಲ್ಲ ಹೊರಗಿನವರು. ಇಬ್ಬರು ಚಾಲಕರದೂ ತಪ್ಪಿದ್ದರೂ, ತಪ್ಪೇನೂ ಮಾಡದ ಪ್ರಯಾಣಿಕರು ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ಣ ಪರಿಹಾರ ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2015ರ ಖೆನ್ಯೇಯ್ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಲಾರಿಯನ್ನು ಬಿಟ್ಟು ಕೇವಲ ಟ್ರ್ಯಾಕ್ಟರಿನ ಮೇಲೆ ಅರ್ಜಿ ಹಾಕುವುದು ದೊಡ್ಡ ತಪ್ಪಾಗುತ್ತದೆ. ಎರಡನೆಯದು, ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಯಾಗಿ ಸರಕಿನ ಜೊತೆ ಹೋಗುತ್ತಿದ್ದವರು. ತನ್ನ ಭತ್ತದ ಚೀಲಗಳೊಂದಿಗೆ ಎಪಿಎಂಸಿಗೆ ಪಿಕಪ್‌ನಲ್ಲಿ ಹೊರಟ ರೈತನಿಗೆ 147ನೇ ಕಲಂನ ರಕ್ಷಣೆಯಿದೆ. ಎಪಿಎಂಸಿಯ ಚೀಟಿ ಅಥವಾ ಬಾಡಿಗೆ ರಸೀದಿ ಇಲ್ಲಿ ಚಿನ್ನದ ಬೆಲೆಯ ಕಾಗದ. ಮೂರನೆಯದು, ವಾಹನದ ಮಾಲೀಕನ ಕೂಲಿಯವರಾಗಿದ್ದರೆ. ವಿಮಾ ಪಾಲಿಸಿಯ ವಿವರಪಟ್ಟಿಯಲ್ಲಿ ಹಮಾಲರು ಅಥವಾ ಕೂಲಿಯವರಿಗೆಂದು ಹೆಚ್ಚುವರಿ ಕಂತು ಕಟ್ಟಿದ್ದಾರೆಯೇ, ಟ್ರೇಲರಿಗೆ ಪ್ರತ್ಯೇಕ ವಿಮೆಯಿದೆಯೇ ಎಂಬುದನ್ನು ನೋಡಬೇಕು. ಕೆಲಸದ ಮೇಲಿದ್ದಾಗ ಗಾಯಗೊಂಡವರಿಗೆ ಕಾರ್ಮಿಕ ಪರಿಹಾರದ ಕಾನೂನಿನ ದಾರಿಯೂ ತೆರೆದಿರುತ್ತದೆ, ಆದರೆ 167ನೇ ಕಲಂ ಪ್ರಕಾರ ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕು. ನಾಲ್ಕನೆಯದು ಇವ್ಯಾವುದೂ ಇಲ್ಲದಿದ್ದಾಗ: ಮಾಲೀಕನೇ ಹೊಣೆ. ಕೆಲವು ಪ್ರಕರಣಗಳಲ್ಲಿ ನ್ಯಾಯಾಲಯಗಳು ವಿಮಾ ಕಂಪನಿಯೇ ಮೊದಲು ಹಣ ಕಟ್ಟಿ ನಂತರ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಆದೇಶಿಸುತ್ತವೆ. ಚಾಲಕನಿಗೆ ಸರಿಯಾದ ಲೈಸೆನ್ಸ್ ಇಲ್ಲದ ಪ್ರಕರಣಗಳಲ್ಲಿಯೂ ಇದೇ ಕ್ರಮವನ್ನು ಬಳಸುವುದುಂಟು.

ವಾಹನಕ್ಕೆ ವಿಮೆಯಿದೆಯೇ ಇಲ್ಲವೇ ಎಂಬುದನ್ನು ನೋಂದಣಿ ಸಂಖ್ಯೆ ಹಾಕಿ ಎಂಪರಿವಾಹನ್ ಆ್ಯಪ್‌ನಲ್ಲಿ ಮೊದಲ ದಿನವೇ ನೋಡಬಹುದು. ವಿಮೆಯಿಲ್ಲದ ವಾಹನವಾದರೆ ಮಾಲೀಕನಿಂದ ಭದ್ರತೆ ಪಡೆಯದೆ ಅದನ್ನು ಬಿಡುಗಡೆ ಮಾಡಬಾರದೆಂದು ನ್ಯಾಯಾಲಯಕ್ಕೆ ಕೂಡಲೇ ಮನವಿ ಸಲ್ಲಿಸಬೇಕು. ವಾಹನ ಕೈಬಿಟ್ಟು ಹೋದ ಮೇಲೆ ಬರಿಗೈಯ ಮಾಲೀಕನ ಮೇಲೆ ತೀರ್ಪು ಪಡೆದು ಫಲವಿಲ್ಲ.

ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸಾದರೆ ನಿಗಮವನ್ನೇ ಎದುರುದಾರನನ್ನಾಗಿ ಮಾಡಬೇಕು. ಒಂದೇ ಬೈಕಿನಲ್ಲಿ ಮೂವರು ಹೋಗುತ್ತಿದ್ದರೆಂಬ ಒಂದೇ ಕಾರಣಕ್ಕೆ ಪರಿಹಾರ ಕಡಿತವಾಗುವುದಿಲ್ಲ. ಮೂವರಿದ್ದದ್ದೇ ಅಪಘಾತಕ್ಕೆ ಕಾರಣವಾಯಿತೆಂದು ಎದುರುದಾರರು ತೋರಿಸಬೇಕೆಂದು 2020ರ ಮೊಹಮ್ಮದ್ ಸಿದ್ದಿಕ್ ತೀರ್ಪು ಹೇಳುತ್ತದೆ. ಚಾಲಕನ ತಪ್ಪನ್ನು ಸಾಬೀತುಪಡಿಸುವುದು ಕಷ್ಟವೆನಿಸಿದರೆ 164ನೇ ಕಲಂ ಇದೆ. ಅದರಡಿ ಯಾರ ತಪ್ಪೆಂಬ ಪ್ರಶ್ನೆಯೇ ಇಲ್ಲದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಸಿಗುತ್ತದೆ. ತನ್ನದೇ ಬೈಕಿನಲ್ಲಿ ತಾನೇ ಬಿದ್ದು ಸತ್ತ ಮಾಲೀಕನ ಮನೆಯವರಿಗೆ ಈ ಕಲಂ ಸಾಮಾನ್ಯವಾಗಿ ನೆರವಾಗುವುದಿಲ್ಲ. ಅವರು ಪಾಲಿಸಿಯ ಜೊತೆ ಬರುವ 15 ಲಕ್ಷ ರೂಪಾಯಿಗಳ ಮಾಲೀಕ-ಚಾಲಕ ವೈಯಕ್ತಿಕ ಅಪಘಾತ ವಿಮೆಯನ್ನು ಕೇಳಬೇಕು, ಅದಕ್ಕೆ ಲೈಸೆನ್ಸ್ ಇರಬೇಕು.

ಗುದ್ದಿ ಓಡಿಹೋದ ವಾಹನ

ವಾಹನ ಯಾವುದೆಂದು ಗೊತ್ತಾಗದಿದ್ದರೂ ಪರಿಹಾರವಿದೆ ಎಂಬುದು ಎಷ್ಟೋ ಕುಟುಂಬಗಳಿಗೆ ತಿಳಿದೇ ಇಲ್ಲ. 161ನೇ ಕಲಂ ಮತ್ತು 2022ರ ಯೋಜನೆಯಂತೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಇದಕ್ಕೆ ನ್ಯಾಯಾಲಯ ಬೇಡ. ಅಪಘಾತ ನಡೆದ ತಾಲ್ಲೂಕಿನ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿಯ ಕಚೇರಿಯಲ್ಲಿ ನಿಗದಿತ ನಮೂನೆಯ ಅರ್ಜಿಯೊಂದಿಗೆ ಎಫ್‌ಐಆರ್, ಶವಪರೀಕ್ಷೆ ಅಥವಾ ಗಾಯದ ವರದಿ, ಗುರುತಿನ ಚೀಟಿ, ಪಾಸ್‌ಬುಕ್ಕಿನ ಪ್ರತಿ ಮತ್ತು ಮುಚ್ಚಳಿಕೆ ಪತ್ರ ಕೊಡಬೇಕು. ವಿಚಾರಣಾಧಿಕಾರಿ ಒಂದು ತಿಂಗಳಲ್ಲಿ ವರದಿ ಕೊಡಬೇಕು, ಜಿಲ್ಲಾ ಮಟ್ಟದ ಆಯುಕ್ತರು 15 ದಿನಗಳಲ್ಲಿ ಮಂಜೂರು ಮಾಡಬೇಕು. ನಂತರ ವಾಹನ ಪತ್ತೆಯಾದರೆ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕುವ ಹಕ್ಕು ಹೋಗುವುದಿಲ್ಲ, ಈ ಮೊತ್ತವನ್ನು ಅಲ್ಲಿನ ಪರಿಹಾರದಲ್ಲಿ ಹೊಂದಿಸಿಕೊಳ್ಳುತ್ತಾರೆ.

ಎಲ್ಲಿ, ಎಷ್ಟು ದಿನದೊಳಗೆ

166ನೇ ಕಲಂಗೆ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಅಪಘಾತದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಈ ಕಾಲಮಿತಿಯ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಅವಧಿ ಮೀರಿದವರು ಆಸೆ ಬಿಡದೆ ವಕೀಲರನ್ನು ಕಾಣಬೇಕು, ಅವಧಿ ಇನ್ನೂ ಇರುವವರು ಮಾತ್ರ ಆ ವ್ಯಾಜ್ಯವನ್ನು ನಂಬಿ ಕೂರಬಾರದು. ದೋಷಾರೋಪಣಾ ಪಟ್ಟಿ ಬರಲಿ ಎಂದು ಕಾಯುವುದೂ ಬೇಡ, ಅದನ್ನು ಆಮೇಲೆ ಹಾಜರುಪಡಿಸಬಹುದು.

ಎಲ್ಲಿ ಎಂಬ ಪ್ರಶ್ನೆಗೆ ಕಾನೂನು ನಮ್ಮ ಭಾಗದವರಿಗೆ ಅನುಕೂಲವಾಗಿಯೇ ಇದೆ. ಅಪಘಾತ ನಡೆದ ಸ್ಥಳ, ಅರ್ಜಿದಾರರು ವಾಸಿಸುವ ಅಥವಾ ವ್ಯವಹಾರ ನಡೆಸುವ ಸ್ಥಳ, ಎದುರುದಾರರು ವಾಸಿಸುವ ಸ್ಥಳ, ಈ ಮೂರರಲ್ಲಿ ಯಾವುದನ್ನಾದರೂ ಅರ್ಜಿದಾರರೇ ಆರಿಸಿಕೊಳ್ಳಬಹುದು. ಗುಳೆ ಹೋಗಿ ಬೆಂಗಳೂರಿನ ಕಟ್ಟಡ ಕೆಲಸದಲ್ಲಿದ್ದಾಗ ಲಾರಿ ಗುದ್ದಿ ಗಾಯಗೊಂಡ ಕುಷ್ಟಗಿಯ ಕಾರ್ಮಿಕ ತನ್ನ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿಯೇ ಅರ್ಜಿ ಹಾಕಬಹುದು. ಆದೋನಿಯ ಬಳಿಯೋ ಮಂತ್ರಾಲಯದ ದಾರಿಯಲ್ಲಿಯೋ ಅಪಘಾತಕ್ಕೀಡಾದ ರಾಯಚೂರಿನವರು ರಾಯಚೂರಿನಲ್ಲಿಯೇ ಹಾಕಬಹುದು. ಹೀಗೆ ಮಾಡುವಾಗ ಎರಡು ವಿಷಯ ನೆನಪಿರಲಿ. ಆಂಧ್ರದ ಠಾಣೆಯ ಕಾಗದಗಳು ತೆಲುಗಿನಲ್ಲಿರುತ್ತವೆ, ಅವುಗಳ ಅನುವಾದವನ್ನು ಸೇರಿಸಬೇಕು. ಊರಿನಲ್ಲಿ ವಾಸವಿರುವುದಕ್ಕೆ ಆಧಾರ್ ಅಥವಾ ಪಡಿತರ ಚೀಟಿಯ ಪುರಾವೆ ಇರಬೇಕು. ಹಿರಿಯ ಸಿವಿಲ್ ನ್ಯಾಯಾಧೀಶರ ಮತ್ತು ಜಿಲ್ಲಾ ನ್ಯಾಯಾಧೀಶರ ನ್ಯಾಯಾಲಯಗಳೇ ಈ ನ್ಯಾಯಮಂಡಳಿಗಳಾಗಿ ಕೆಲಸ ಮಾಡುತ್ತವೆ. ವಕೀಲರು ‘ಎಂವಿಸಿ ಕೇಸು’ ಎನ್ನುವುದು ಇದನ್ನೇ.

ಸಾವಿನ ಪ್ರಕರಣದಲ್ಲಿ ಹೆಂಡತಿ, ಮಕ್ಕಳು, ತಂದೆತಾಯಿ ಎಲ್ಲರೂ ಅರ್ಜಿದಾರರಾಗಬೇಕು. ಅತ್ತೆ ಸೊಸೆಯರ ನಡುವೆ ಮನಸ್ತಾಪವಿದ್ದರೂ ಒಂದೇ ಅರ್ಜಿಯಲ್ಲಿ ಇಬ್ಬರೂ ಇರುವುದೇ ಲೇಸು, ಪಾಲು ಹಂಚುವುದು ನ್ಯಾಯಾಧೀಶರ ಕೆಲಸ. ಮದುವೆಯಾದ ಹೆಣ್ಣುಮಕ್ಕಳೂ ವಾರಸುದಾರರೇ. ನಾಡಕಚೇರಿಯಿಂದ ವಂಶವೃಕ್ಷ ಪಡೆಯಬೇಕು, ಅದರಲ್ಲಿರುವ ಹೆಸರುಗಳು ಆಧಾರ್‌ಗೆ ಹೊಂದಿಕೆಯಾಗುವಂತೆ ನೋಡಿಕೊಳ್ಳಬೇಕು.

ಪರಿಹಾರದ ಲೆಕ್ಕ

ಇದು ಅಂದಾಜಿನ ಆಟವಲ್ಲ, ಇದಕ್ಕೊಂದು ಸೂತ್ರವಿದೆ. 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳು ಆ ಸೂತ್ರವನ್ನು ಕೊಟ್ಟಿವೆ. ಸಿರುಗುಪ್ಪದ ಕಡೆಯ 32 ವರ್ಷದ ಟ್ರ್ಯಾಕ್ಟರ್ ಚಾಲಕನೊಬ್ಬ ಲಾರಿ ಡಿಕ್ಕಿಯಿಂದ ತೀರಿಕೊಂಡನೆಂದೂ, ಅವನ ತಿಂಗಳ ಆದಾಯ 15,000 ರೂಪಾಯಿಯೆಂದೂ, ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ ಇದ್ದಾರೆಂದೂ ಇಟ್ಟುಕೊಳ್ಳೋಣ. ಸ್ವಂತ ದುಡಿಮೆಯ, 40ರೊಳಗಿನ ವ್ಯಕ್ತಿಯ ಆದಾಯಕ್ಕೆ ಭವಿಷ್ಯದ ಏಳಿಗೆಯೆಂದು ಶೇ 40 ಸೇರಿಸುತ್ತಾರೆ, 21,000 ಆಯಿತು. ಅವಲಂಬಿತರು ನಾಲ್ವರಿಂದ ಆರು ಮಂದಿಯಿದ್ದರೆ ಸತ್ತವನ ಸ್ವಂತ ಖರ್ಚೆಂದು ನಾಲ್ಕನೆಯ ಒಂದು ಭಾಗ ಕಳೆಯುತ್ತಾರೆ, 15,750 ಉಳಿಯಿತು. ವರ್ಷಕ್ಕೆ 1,89,000. ಈ ವರ್ಷದ ಮೊತ್ತವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ, ಅಂದರೆ ಗುಣಕದಿಂದ, ಗುಣಿಸುತ್ತಾರೆ. 31ರಿಂದ 35 ವಯಸ್ಸಿನವರಿಗೆ ಗುಣಕ 16, ಹಾಗಾಗಿ 30,24,000 ರೂಪಾಯಿ. ಇದರ ಮೇಲೆ ಆಸ್ತಿ ನಷ್ಟಕ್ಕೆ (ವಾರಸುದಾರರಿಗೆ ಉಳಿಯಬೇಕಿದ್ದ ಗಳಿಕೆಯ ನಷ್ಟಕ್ಕೆ) 15,000, ಅಂತ್ಯಕ್ರಿಯೆಗೆ 15,000, ಬಾಂಧವ್ಯ ಕಳೆದುಕೊಂಡ ಹೆಂಡತಿ, ಮಕ್ಕಳು ಮತ್ತು ತಾಯಿಗೆ ತಲಾ 40,000 ಎಂಬ ಮೂಲ ದರಗಳಿದ್ದು, 2017ರಿಂದ ಮೂರು ವರ್ಷಕ್ಕೊಮ್ಮೆ ಶೇ 10ರಷ್ಟು ಏರುತ್ತವೆ. ಛಾಪಾ ಕಾಗದದ ರಾಜಿಯ ಒಂದು ಲಕ್ಷವನ್ನು ಈಗ ಇದರ ಪಕ್ಕದಲ್ಲಿಟ್ಟು ನೋಡಬಹುದು.

ಗುಣಕ 15ರಿಂದ 25 ವಯಸ್ಸಿನವರಿಗೆ 18, 26ರಿಂದ 30ಕ್ಕೆ 17, 36ರಿಂದ 40ಕ್ಕೆ 15, 41ರಿಂದ 45ಕ್ಕೆ 14, 46ರಿಂದ 50ಕ್ಕೆ 13, ಅಲ್ಲಿಂದ ಮುಂದೆ ಐದೈದು ವರ್ಷಕ್ಕೆ 11, 9, 7, ಮತ್ತು 65 ದಾಟಿದವರಿಗೆ 5. ವಯಸ್ಸಿನಲ್ಲಿ ಒಂದು ವರ್ಷ ಆಚೀಚೆಯಾದರೂ ಗುಣಕ ಬದಲಾಗುವುದರಿಂದ ಶಾಲೆಯ ದಾಖಲೆ, ಆಧಾರ್, ಮತದಾರರ ಚೀಟಿ ಮೂರೂ ಮೂರು ವಯಸ್ಸು ಹೇಳುತ್ತಿದ್ದರೆ ಮೊದಲೇ ವಕೀಲರಿಗೆ ತಿಳಿಸಬೇಕು.

ಗಾಯದ ಪ್ರಕರಣದಲ್ಲಿ ಮುಖ್ಯವಾದದ್ದು ದೇಹಕ್ಕೆ ಎಷ್ಟು ಊನವಾಯಿತು ಎಂಬುದಕ್ಕಿಂತ ದುಡಿಮೆಗೆ ಎಷ್ಟು ಊನವಾಯಿತು ಎಂಬುದು. 2011ರ ರಾಜ್ ಕುಮಾರ್ ತೀರ್ಪು ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿದೆ. ಮೊಣಕಾಲು ಮಡಚಲಾಗದ ಗುಮಾಸ್ತನು ಕುರ್ಚಿಯಲ್ಲಿ ಕುಳಿತು ದುಡಿಯಬಲ್ಲ. ಅದೇ ಗಾಯವಾದ ಹೆಣ್ಣುಮಗಳು ಕೆಸರುಗದ್ದೆಯಲ್ಲಿ ಬಗ್ಗಿ ಸಸಿ ನೆಡಲಾರಳು. ವೈದ್ಯರು ಕಾಲಿಗೆ ಶೇಕಡಾ ಇಷ್ಟು ಊನ ಎಂದು ಬರೆದರೆ ನ್ಯಾಯಾಲಯ ಇಡೀ ದೇಹಕ್ಕೆ ಅದರ ಮೂರನೆಯ ಒಂದು ಭಾಗದಷ್ಟನ್ನೇ ಹಿಡಿಯುವುದು ರೂಢಿ. ಅಷ್ಟಕ್ಕೇ ಒಪ್ಪದೆ, ಅವಳು ಮಾಡುತ್ತಿದ್ದ ಕೆಲಸ ಏನು, ಈಗ ಅದನ್ನು ಏಕೆ ಮಾಡಲಾಗುತ್ತಿಲ್ಲ ಎಂಬುದನ್ನು ಸಾಕ್ಷ್ಯದಲ್ಲಿ ಬಿಡಿಸಿ ಹೇಳಬೇಕು. ವಯಸ್ಸು 38, ತಿಂಗಳ ಆದಾಯ 12,000, ದುಡಿಮೆಯ ನಷ್ಟ ಶೇ 20 ಎಂದಾದರೆ, ವರ್ಷದ ಆದಾಯವನ್ನು ಗುಣಕ 15ರಿಂದ ಗುಣಿಸಿ ಅದರ ಶೇ 20 ಹಿಡಿದಾಗ 4,32,000 ರೂಪಾಯಿ. ಭವಿಷ್ಯದ ಏಳಿಗೆಯ ಶೇ 40 ಸೇರಿದರೆ 6,04,800. ಗಾಯದ ಪ್ರಕರಣಗಳಲ್ಲಿಯೂ ಇದನ್ನು ಸೇರಿಸಬಹುದೆಂದು 2020ರ ಪಪ್ಪು ದೇವ್ ಯಾದವ್ ತೀರ್ಪು ಹೇಳಿದೆ. ಚಿಕಿತ್ಸೆಯ ಖರ್ಚು, ನೋವಿಗೆ, ಮಲಗಿದ್ದ ತಿಂಗಳುಗಳ ಕೂಲಿಗೆ, ಮುಂದೆ ರಾಡು ತೆಗೆಸುವುದಕ್ಕೆ ಕೊಡುವ ಮೊತ್ತ ಇದರಿಂದ ಹೊರತು.

ಕೂಲಿಯವರಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಉದ್ಯೋಗ ಖಾತ್ರಿ ಜಾಬ್ ಕಾರ್ಡು, ಕಟ್ಟಡ ಕಾರ್ಮಿಕರ ಕಾರ್ಡು, ಅಕ್ಕಿ ಗಿರಣಿಯ ಹಾಜರಿ, ಮೇಸ್ತ್ರಿಯ ಲೆಕ್ಕದ ಪುಸ್ತಕ, ಸ್ವಂತ ಹೊಲವಿದ್ದರೆ ಪಹಣಿ, ಫೋನ್‌ಪೇಯಲ್ಲಿ ಬಂದ ಕೂಲಿಯ ವಿವರ, ಇವೆಲ್ಲವೂ ಪುರಾವೆಗಳೇ. ಏನೂ ಇಲ್ಲದಿದ್ದಾಗ ಅಪಘಾತದ ವರ್ಷಕ್ಕೆ ಅನುಗುಣವಾಗಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಕಾಲ್ಪನಿಕ ಆದಾಯದ ಪಟ್ಟಿಯನ್ನು ನಮ್ಮ ಹೈಕೋರ್ಟ್ ಅನುಸರಿಸುತ್ತದೆ. ಮನೆಯಲ್ಲಿಯೇ ಇರುವ ಗೃಹಿಣಿಯ ದುಡಿಮೆಗೂ ಆದಾಯ ಕಟ್ಟಬೇಕೆಂಬುದು 2021ರ ಕೀರ್ತಿ ಪ್ರಕರಣದಲ್ಲಿ ಮತ್ತೊಮ್ಮೆ ದೃಢವಾಗಿದೆ. ‘ಅವಳು ಮನೆಯಲ್ಲಿ ಸುಮ್ಮನೇ ಇದ್ದಳು’ ಎಂದು ಗಂಡನೇ ಸಾಕ್ಷಿ ಹೇಳಿದ್ದನ್ನು ಕೇಳಿದ್ದೇನೆ. ಎದುರು ವಕೀಲರು ಹೇಳಬೇಕಾಗಿದ್ದ ಮಾತದು.

ಮೃತರ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗಿದೆಯೇ ನೋಡಬೇಕು. ಆಗಿದ್ದರೆ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯ 2 ಲಕ್ಷಕ್ಕೆ ಬ್ಯಾಂಕಿನಲ್ಲಿ ಕೂಡಲೇ ಅರ್ಜಿ ಕೊಡಬೇಕು. ಈ ಹಣ ಬಂದಿತೆಂದು ಅಪಘಾತ ಪರಿಹಾರದಲ್ಲಿ ಕಡಿತ ಮಾಡುವಂತಿಲ್ಲ.

ವಿಚಾರಣೆ ಮತ್ತು ವಕೀಲರು

ಕ್ರಿಮಿನಲ್ ಪ್ರಕರಣದಂತೆ ಇಲ್ಲಿ ಸಂಶಯಾತೀತವಾಗಿ ಸಾಬೀತುಪಡಿಸಬೇಕಾಗಿಲ್ಲ, ಯಾವುದು ಹೆಚ್ಚು ಸಂಭವನೀಯವೋ ಅದನ್ನು ತೋರಿಸಿದರೆ ಸಾಕು. ಚಾಲಕ ಆ ಪ್ರಕರಣದಲ್ಲಿ ಖುಲಾಸೆಯಾದರೂ ಪರಿಹಾರ ತಪ್ಪುವುದಿಲ್ಲ. ಊನದ ಪ್ರಮಾಣಪತ್ರ ಬರೆದ ವೈದ್ಯರು ಸಾಕ್ಷಿ ಹೇಳಲು ಬರಬೇಕಾಗುತ್ತದೆ. ಚಿಕಿತ್ಸೆ ನೀಡಿದ ವೈದ್ಯರೇ ಆದರೆ ಅವರ ಮಾತಿಗೆ ತೂಕ ಹೆಚ್ಚು, ಕೋರ್ಟಿನ ಕೆಲಸಕ್ಕೆಂದೇ ಪ್ರಮಾಣಪತ್ರ ಬರೆಯುವವರ ಮಾತಿಗೆ ಕಡಿಮೆ.

ವಾರ್ಡಿನ ಮಂಚದ ಪಕ್ಕಕ್ಕೇ ಬಂದು ಖಾಲಿ ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮಧ್ಯವರ್ತಿಗಳಿದ್ದಾರೆ. ಬಂದ ಪರಿಹಾರದಲ್ಲಿ ಶೇಕಡಾ ಇಷ್ಟು ಎಂದು ಶುಲ್ಕ ಗೊತ್ತುಮಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸುತ್ತವೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆಯ ಕಾರ್ಮಿಕರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿಯೋ 15100ಕ್ಕೆ ಕರೆ ಮಾಡಿಯೋ ಕೇಳಬಹುದು.

ಲೋಕ ಅದಾಲತ್‌ನಲ್ಲಿ ಹಣ ಬೇಗ ಬರುತ್ತದೆ, ಆದರೆ ಅಲ್ಲಿನ ತೀರ್ಮಾನದ ಮೇಲೆ ಮೇಲ್ಮನವಿಯಿಲ್ಲ. ಮೇಲಿನ ಸೂತ್ರದಂತೆ ನಿಮ್ಮ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಕಂಪನಿ ಹೇಳುವ ಮೊತ್ತ ಅದಕ್ಕೆ ಹತ್ತಿರವಿದ್ದರೆ ಒಪ್ಪಬಹುದು. ಅರ್ಧಕ್ಕೂ ಕಡಿಮೆಯಿದ್ದರೆ ಮುಂದಿನ ದಿನಾಂಕ ಕೇಳಿಕೊಂಡು ಎದ್ದು ಬರುವುದರಲ್ಲಿ ಅಗೌರವವೇನಿಲ್ಲ.

ತೀರ್ಪಾದ ಮೇಲೆ

ಪರಿಹಾರದ ಮೊತ್ತಕ್ಕೆ ಸಾಮಾನ್ಯವಾಗಿ ಅರ್ಜಿ ಸಲ್ಲಿಸಿದ ದಿನದಿಂದ ಬಡ್ಡಿ ಸಿಗುತ್ತದೆ. ಮೊತ್ತ ಕಡಿಮೆಯಾಯಿತೆನಿಸಿದರೆ ಮೋಟಾರು ವಾಹನ ಕಾಯ್ದೆಯ 173ನೇ ಕಲಂ ಪ್ರಕಾರ 90 ದಿನಗಳೊಳಗೆ ಹೈಕೋರ್ಟಿಗೆ ಹೋಗಬೇಕು. ಬಳ್ಳಾರಿ ಮತ್ತು ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. ವಿವಾದದಲ್ಲಿರುವ ಮೊತ್ತ ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಮೇಲ್ಮನವಿಗೆ ಅವಕಾಶವಿಲ್ಲ. ಎದುರುದಾರರು ಹಣ ಕಟ್ಟದಿದ್ದರೆ ತೀರ್ಪನ್ನು ಜಾರಿಗೊಳಿಸುವಂತೆ ಕೋರುವ ಅಮಲ್ಜಾರಿ ಅರ್ಜಿ ಹಾಕಬೇಕು; ಸಾರಿಗೆ ನಿಗಮದ ಬಸ್ಸುಗಳನ್ನು ಕೋರ್ಟಿನ ಅಮೀನರು ಜಪ್ತಿ ಮಾಡಿದ ಸುದ್ದಿಗಳು ಪತ್ರಿಕೆಗಳಲ್ಲಿ ಬರುವುದು ಇಂಥ ಅರ್ಜಿಗಳಿಂದಲೇ.

ನ್ಯಾಯಾಲಯ ಮೊತ್ತದ ಒಂದು ಭಾಗವನ್ನು, ಅಪ್ರಾಪ್ತ ಮಕ್ಕಳ ಪಾಲನ್ನಂತೂ ಪೂರ್ತಿಯಾಗಿ, ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಡಿಸುತ್ತದೆ. ಅದರ ಮೇಲೆ ಸಾಲ ಕೊಡಬಾರದೆಂಬ ಷರತ್ತೂ ಇರುತ್ತದೆ. ಮಗಳ ಓದಿಗೋ ಶಸ್ತ್ರಚಿಕಿತ್ಸೆಗೋ ಅವಧಿಗೆ ಮೊದಲೇ ಹಣ ಬೇಕಾದರೆ ಬ್ಯಾಂಕಿನವರನ್ನು ಕೇಳಿ ಫಲವಿಲ್ಲ. ಕಾಲೇಜಿನ ಶುಲ್ಕದ ಚೀಟಿಯನ್ನೋ ಆಸ್ಪತ್ರೆಯ ಅಂದಾಜು ಪಟ್ಟಿಯನ್ನೋ ಲಗತ್ತಿಸಿ, ತೀರ್ಪು ಕೊಟ್ಟ ನ್ಯಾಯಮಂಡಳಿಗೇ ಅರ್ಜಿ ಸಲ್ಲಿಸಬೇಕು. ಠೇವಣಿಯ ರಸೀದಿಯ ಮೇಲೆ ಎಂವಿಸಿ ಪ್ರಕರಣದ ಸಂಖ್ಯೆಯನ್ನು ಇಂದೇ ಬರೆದಿಟ್ಟಿದ್ದರೆ, ಮಗ ಹದಿನೆಂಟು ತುಂಬಿ ಹಣ ಬಿಡಿಸಿಕೊಳ್ಳಲು ಹೋಗುವ ದಿನ ಹಳೆಯ ಕಡತವನ್ನು ಹುಡುಕುವ ಗುಮಾಸ್ತರಿಗೂ ಅವನಿಗೂ ಒಂದು ವಾರದ ಅಲೆದಾಟ ಉಳಿಯುತ್ತದೆ.